ಕರೆದವರಿಗೆ ಕೇಳದ ರಿಂಗು

ಅವ್ವ ಬದುಕಿರುವವರೆಗೂ ಈ ಪುಸ್ತಕವನ್ನು ನನ್ನ ಡಿಪ್ಲೊಮಾ ಸರ್ಟಿಫಿಕೇಟುಗಳ ಫೈಲಿನ ಅಡಿಯಲ್ಲಿ ಇಟ್ಟಿದ್ದೆ. ಅವಳಿಗೆ ಓದಲು ಬರುತ್ತಿತ್ತು, ಅದಕ್ಕೆ. ಹೋದ ತಿಂಗಳು ಅವಳ ಹನ್ನೊಂದನೆಯ ದಿನದ ಕೆಲಸವೂ ಮುಗಿಯಿತು. ಇನ್ನು ಇದನ್ನು ಮುಚ್ಚಿಡಬೇಕಾದವರು ಮನೆಯಲ್ಲಿ ಯಾರೂ ಇಲ್ಲ. ಮೊನ್ನೆ ಹೊರಗೆ ತೆಗೆದು ಟೇಬಲ್ಲಿನ ಮೇಲೆ ಇಟ್ಟಿದ್ದೇನೆ. ಇನ್ನೂರು ಪುಟದ ಉದ್ದನೆಯ ನೋಟ್‌ಬುಕ್ಕು. ರಟ್ಟಿನ ಮೇಲೆ ಅಪ್ಪಾಜಿಯ ದುಂಡನೆಯ ಅಕ್ಷರದಲ್ಲಿ 'ದೂರು ಪುಸ್ತಕ' ಎಂದು ಬರೆದಿದೆ.

ಅಪ್ಪಾಜಿ ಟೆಲಿಫೋನ್ ಆಪರೇಟರ್ ಆಗಿದ್ದರು. ಮೈಸೂರಿನ ಒಂದು ಹಳೆಯ ಧರ್ಮಸಂಸ್ಥೆಯಲ್ಲಿ ಅವರ ನೌಕರಿ. ಸಂಸ್ಥೆಯ ಕಚೇರಿ ಅಗ್ರಹಾರದಲ್ಲಿ, ಶಾಲೆ ನಜರ್‌ಬಾದಿನಲ್ಲಿ, ಹಳ್ಳಿಯ ಮಕ್ಕಳಿಗಾಗಿ ನಡೆಸುತ್ತಿದ್ದ ಉಚಿತ ಹಾಸ್ಟೆಲು ರಾಜೀವನಗರದಲ್ಲಿ. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ, ನಾನು ಪಾಲಿಟೆಕ್ನಿಕ್ಕಿನಲ್ಲಿ ಓದುತ್ತಿದ್ದಾಗ, ಅಗ್ರಹಾರದ ಕಚೇರಿಯಲ್ಲಿ ಇನ್ನೂ ವೈರು ಚುಚ್ಚುವ ಹಳೆಯ ಬೋರ್ಡೇ ಇತ್ತು. ಯಾರಾದರೂ ಫೋನ್ ಎತ್ತಿದರೆ ಬೋರ್ಡಿನಲ್ಲಿ ಅವರ ನಂಬರಿನ ಮೇಲಿನ ಸಣ್ಣ ತಗಡಿನ ರೆಪ್ಪೆ ಟಪ್ ಎಂದು ಬೀಳುತ್ತಿತ್ತು. ಅಪ್ಪಾಜಿ ಆ ತೂತಿಗೆ ವೈರು ಚುಚ್ಚಿ, ಯಾರು ಬೇಕೆಂದು ಕೇಳಿ, ಇನ್ನೊಂದು ತೂತಿಗೆ ಇನ್ನೊಂದು ತುದಿ ಚುಚ್ಚುತ್ತಿದ್ದರು. ಬೆನ್ನನ್ನು ಕುರ್ಚಿಗೆ ಒರಗಿಸುತ್ತಲೇ ಇರಲಿಲ್ಲ. ಹಣೆಯ ಮೇಲೆ ಮೂರು ಗೆರೆ ವಿಭೂತಿ, ಅದರ ಮೇಲೆ ಹೆಡ್‌ಫೋನಿನ ಪಟ್ಟಿ. ಕಾಲೇಜು ಬಿಟ್ಟ ಮೇಲೆ ನಾನು ಹೋಗಿ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಿದ್ದೆ. ಅವರ ಕೆಲಸ ಮುಗಿದ ಮೇಲೆ ಇಬ್ಬರೂ ನಡೆದು ನಜರ್‌ಬಾದಿನ ಬಾಡಿಗೆ ಮನೆಗೆ ಬರುತ್ತಿದ್ದೆವು.

ದೂರು ಪುಸ್ತಕ ಆ ಬೋರ್ಡಿನ ಕಾಲದ್ದು. ಅಂದರೆ ಈ ಪುಸ್ತಕವಲ್ಲ, ಇಂಥವು ಹತ್ತಾರು ಇದ್ದವು. ಒಂದು ತುಂಬಿದರೆ ಇನ್ನೊಂದಕ್ಕೆ ಅವರೇ ಸ್ಕೇಲು ಇಟ್ಟು ಗೆರೆ ಹಾಕುತ್ತಿದ್ದರು. ಮೊದಲು ದಿನ ಮತ್ತು ಹೊತ್ತು, ಆಮೇಲೆ ಯಾವ ಫೋನು, ಆಮೇಲೆ ಏನು ದೂರು, ಆಮೇಲೆ ರಿಪೇರಿ ಮಾಡಿದವರ ಸಹಿ. ಕೊನೆಯ ಕಿರಿದಾದ ಕಾಲಮ್ಮಿನಲ್ಲಿ ಒಂದು ರೈಟ್ ಗುರುತು. ಆ ಗುರುತನ್ನು ರಿಪೇರಿ ಮಾಡಿದವರು ಹಾಕುವಂತಿರಲಿಲ್ಲ. ಯಾರ ಫೋನು ಕೆಟ್ಟಿತ್ತೋ ಅವರು ಎತ್ತಿ, ಕೇಳಿ, ಸರಿಯಾಗಿದೆ ಎಂದ ಮೇಲೆ ಅಪ್ಪಾಜಿ ಹಾಕುತ್ತಿದ್ದರು.

"ರಿಪೇರಿ ಮಾಡ್ದೋನಿಗೆ ಎಲ್ಲಾ ಸರಿಯಾಗಿದೆ ಅಂತ್ಲೇ ಕಾಣ್ಸೋದು ಕಣವ್ವ. ಕಿವಿಗೆ ಇಟ್ಕೊಂಡೋರು ಹೇಳ್ಬೇಕು" ಎನ್ನುತ್ತಿದ್ದರು.

ನಾನು ಡಿಪ್ಲೊಮಾ ಮುಗಿಸಿ ಅದೇ ಸಂಸ್ಥೆಯಲ್ಲಿ ಫೋನು ಮತ್ತು ಕರೆಂಟಿನ ಕೆಲಸ ನೋಡಿಕೊಳ್ಳಲು ಸೇರಿದೆ. ಮೊದಲು ನನ್ನನ್ನು ಶಾಲೆಗೆ ಹಾಕಿದರು. ಅಪ್ಪಾಜಿಗೆ ಆಗಲೇ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಊಟ ಮಾಡಿ ಮಾತ್ರೆ ತೆಗೆದುಕೊಳ್ಳಬೇಕು, ಅವರು ಮರೆಯುವವರು. ದಿನಾ ಮಧ್ಯಾಹ್ನ ಫೋನ್ ಮಾಡಿ ಕೇಳು ಎಂದು ಅವ್ವ ನನಗೆ ಹೇಳಿದಳು. ಮೊದಲ ದಿನ ಕೇಳಿದೆ. ಸಂಜೆ ಮನೆಯಲ್ಲಿ ನನಗೆ ಬೈಗುಳ ಕಾದಿತ್ತು.

"ಆಫೀಸು ಲೈನು ಆಫೀಸಿಗೆ. ಮನೆ ಮಾತು ಮನೇಲಿ. ನಾನೇ ಆಪರೇಟರ್ ಆಗಿ ನನ್ನ ಮಗಳ ಜೊತೆ ಹರಟ್ತಾ ಕೂತ್ರೆ ಮಿಕ್ಕೋರಿಗೆ ಏನು ಹೇಳ್ಲಿ?"

"ಊಟ ಆಯ್ತಾ ಅಂತ ಕೇಳೋದು ಹರಟೇನಾ ಅಪ್ಪಾಜಿ?"

"ಮತ್ತಿನ್ನೇನು? ನೀನು ಊಟ ಆಯ್ತಾ ಅಂತೀಯ, ನಾನು ಏನು ಸಾರು ಅಂತೀನಿ, ಅಲ್ಲಿಗೆ ಲೈನು ಹೋಯ್ತು."

ಅವ್ವ ಇಬ್ಬರಿಗೂ ತಟ್ಟೆ ಹಾಕುತ್ತಾ, "ಮಾತಾಡ್ಬೇಡಿ ಹಂಗಾದ್ರೆ, ಸುಮ್ನೆ ಒಂದೆರಡು ರಿಂಗ್ ಕೊಟ್ಟು ಇಟ್ಬುಡಿ. ಊಟ ಆಯ್ತು ಅಂತ ಅವಳೇ ತಿಳ್ಕೋತಾಳೆ" ಅಂದಳು. ಅಪ್ಪಾಜಿ ಸ್ವಲ್ಪ ಯೋಚನೆ ಮಾಡಿ ಒಪ್ಪಿದರು. ಎತ್ತದ ಫೋನು ಅವರ ಲೆಕ್ಕದಲ್ಲಿ ಮಾತಲ್ಲ.

ಹೀಗೆ ಶುರುವಾದ ಪದ್ಧತಿ. ಮಧ್ಯಾಹ್ನ ಒಂದೂವರೆಯ ಸುಮಾರಿಗೆ ನನ್ನ ಟೇಬಲ್ಲಿನ ಫೋನು ಎರಡು ಸಲ ರಿಂಗಾಗಿ ನಿಲ್ಲುತ್ತಿತ್ತು. ಊಟವಾಯಿತು, ಮಾತ್ರೆ ತೆಗೆದುಕೊಂಡೆ, ಚೆನ್ನಾಗಿದ್ದೇನೆ ಎಂದು ಅರ್ಥ. ನಾನು ಎತ್ತುತ್ತಿರಲಿಲ್ಲ. ಅಭ್ಯಾಸ ತಪ್ಪಿ ಒಂದು ಸಲ ಎತ್ತಿದ್ದಕ್ಕೆ "ಯಾಕೆ ಎತ್ತಿದೆ?" ಎಂದಷ್ಟೇ ಹೇಳಿ ಇಟ್ಟುಬಿಟ್ಟರು. ಆಮೇಲೆ ನನ್ನ ಕೈ ಪಳಗಿತು. ಆ ಹೊತ್ತಿನಲ್ಲಿ ಫೋನು ಹೊಡೆದರೆ ಎರಡು ರಿಂಗು ಬಿಟ್ಟು, ಮೂರನೆಯದು ಬಂದರೆ ಮಾತ್ರ ಎತ್ತುವುದು. ಪಕ್ಕದವರಿಗೂ ಇದು ಗೊತ್ತಾಯಿತು. ನಾನು ಟೇಬಲ್ಲಿನ ಹತ್ತಿರ ಇಲ್ಲದಿದ್ದರೆ ಅವರೂ ಎತ್ತುತ್ತಿರಲಿಲ್ಲ. "ನಿಮ್ಮಪ್ಪಾಜಿ ಊಟ ಆಯ್ತು ಕಣ್ರೀ" ಎಂದು ಆಮೇಲೆ ಹೇಳುತ್ತಿದ್ದರು.

ಅಪ್ಪಾಜಿ ನಿವೃತ್ತರಾದ ಮೇಲೆ ಮನೆಯಲ್ಲಿ ಕೂರಲಾರದೆ ಸಂಸ್ಥೆಯವರನ್ನು ಕೇಳಿಕೊಂಡರು. ಅವರನ್ನು ರಾಜೀವನಗರದ ಹಾಸ್ಟೆಲಿನ ಬಾಗಿಲ ಬಳಿ ಕೂರಿಸಿದರು. ಬಂದವರ ಹೆಸರು ಬರೆದುಕೊಳ್ಳುವುದು, ಫೋನ್ ಬಂದರೆ ಎತ್ತುವುದು. ನನ್ನನ್ನು ಅಗ್ರಹಾರದ ಕಚೇರಿಗೆ ಹಾಕಿದರು. ಜಾಗ ಅದಲುಬದಲಾದರೂ ಎರಡು ರಿಂಗು ನಿಲ್ಲಲಿಲ್ಲ. ಹಾಸ್ಟೆಲಿಗೆ ಹೋಗುವಾಗ ಅವರು ಹೊಸ ನೋಟ್‌ಬುಕ್ಕಿಗೆ ಗೆರೆ ಹಾಕಿ ಚೀಲದಲ್ಲಿ ಇಟ್ಟುಕೊಂಡರು. ಹಾಸ್ಟೆಲಿನಲ್ಲಿ ಇದ್ದದ್ದು ಎರಡೇ ಫೋನು, ಬಾಗಿಲ ಹತ್ತಿರ ಒಂದು, ಅಡುಗೆಮನೆಯಲ್ಲಿ ಒಂದು. ಹೊರಗಿನ ಲೈನು ವಾರ್ಡನ್ ಕೋಣೆಯಲ್ಲಿ, ಅದಕ್ಕೆ ಬೀಗ. ಎರಡು ಫೋನಿಗೆ ದೂರು ಪುಸ್ತಕ ಯಾಕೆ ಎಂದರೆ, "ಫೋನು ಇದ್ದ ಮೇಲೆ ದೂರು ಇರ್ತದೆ" ಅಂದರು.

ಎರಡು ಸಾವಿರದ ಇಸವಿ ದಾಟಿ ಆರು ವರ್ಷವಾಗಿತ್ತು. ಸಂಸ್ಥೆಯವರು ಮೂರು ಕಡೆಯ ಫೋನುಗಳನ್ನೂ ಇಂಟರ್ನೆಟ್ ಕೇಬಲ್ಲಿನ ಮೇಲೆ ಒಂದೇ ಜಾಲವಾಗಿ ಮಾಡಿಸಿದರು. ಅಗ್ರಹಾರಕ್ಕೂ ಶಾಲೆಗೂ ಅಪ್ಪಾಜಿಯ ಬೋರ್ಡಿನ ಕೆಲಸ ಮಾಡುವ ಹೊಸ ಪೆಟ್ಟಿಗೆಗಳು ಬಂದವು. ಹಾಸ್ಟೆಲಿಗೆ ಮಾತ್ರ ಬೇರೆಲ್ಲೋ ತೆಗೆದಿಟ್ಟಿದ್ದ ಹಳೆಯ ಪೆಟ್ಟಿಗೆಯನ್ನೇ ಹಾಕಿ ಸೇರಿಸಿದರು. ಎರಡು ಫೋನಿಗೆ ಅದು ಸಾಕು ಎಂದು.

ನನ್ನ ಕೆಲಸ ಗೊತ್ತಿಲ್ಲದವರಿಗಾಗಿ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಫೋನಿನಲ್ಲಿ ನಾವು ಮಾತಾಡುವುದಕ್ಕೆ ಮುಂಚೆ ಪೆಟ್ಟಿಗೆಗಳು ತಮ್ಮ ತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಇಂಥವರು ಕರೆಯುತ್ತಿದ್ದಾರೆ ಎಂದು ಒಂದು ಹೇಳುತ್ತದೆ. ತಲುಪಿತು, ಇಲ್ಲಿ ಫೋನು ಹೊಡೆಯುತ್ತಿದೆ ಎಂದು ಇನ್ನೊಂದು ಹೇಳುತ್ತದೆ. ಎತ್ತಿದರು, ಇಟ್ಟರು, ಎಲ್ಲವನ್ನೂ ಹೇಳಿಕೊಳ್ಳುತ್ತವೆ. ಇದಕ್ಕೆ ಸಿಗ್ನಲಿಂಗ್ ಎನ್ನುತ್ತಾರೆ. ಹಿಂದೆ ಈ ಮಾತೆಲ್ಲ ಅಪ್ಪಾಜಿಯ ಬಾಯಲ್ಲಿ ಆಗುತ್ತಿತ್ತು, "ಸ್ವಲ್ಪ ತಡೀರಿ, ಹೊಡೀತಾ ಇದೆ, ಬರ್ತಾರೆ" ಎಂದು. ಈಗ ಪೆಟ್ಟಿಗೆಗಳು ಮಾಡುತ್ತವೆ. ಆದರೆ ಹಳೆಯದಕ್ಕೂ ಹೊಸದಕ್ಕೂ ಅದನ್ನು ಹೇಳುವ ರೀತಿ ಬೇರೆ. ಕರೆದವರ ಕಿವಿಗೆ ಕೇಳುವ ಆ ಟ್ರಿಣ್ ಟ್ರಿಣ್ ಸದ್ದಿದೆಯಲ್ಲ, ಹಾಸ್ಟೆಲಿನ ಹಳೆಯ ಪೆಟ್ಟಿಗೆ ಅದು ಆ ಕಡೆಯಿಂದ ಬರಬೇಕೆಂದು ಕಾಯುತ್ತಿತ್ತು. ಅಗ್ರಹಾರದ ಹೊಸ ಪೆಟ್ಟಿಗೆ 'ಇಲ್ಲಿ ಹೊಡೆಯುತ್ತಿದೆ, ಸದ್ದು ನೀನೇ ಮಾಡಿಕೊ' ಎಂದು ಒಂದು ಮಾತು ಕಳಿಸಿ ಸುಮ್ಮನಾಗುತ್ತಿತ್ತು. ಇಬ್ಬರೂ ಇನ್ನೊಬ್ಬರು ಮಾಡುತ್ತಾರೆ ಎಂದುಕೊಂಡ ಕೆಲಸ. ನನ್ನ ಟೇಬಲ್ಲಿನ ಫೋನು ಸರಿಯಾಗಿ ಹೊಡೆಯುತ್ತಿತ್ತು. ಹಾಸ್ಟೆಲಿನಿಂದ ಕರೆದವರಿಗೆ ಮಾತ್ರ ಏನೂ ಕೇಳುತ್ತಿರಲಿಲ್ಲ.

ಮೊದಲ ದಿನ ಸಂಜೆಯೇ ಅಪ್ಪಾಜಿ ಚಪ್ಪಲಿ ಬಿಡುತ್ತಾ ಶುರು ಮಾಡಿದರು.

"ಏನವ್ವಾ ನಿನ್ನ ಹೊಸ ಪೆಟ್ಟಿಗೆ? ನಂಬರ್ ಒತ್ತಿದ್ರೆ ಬಾವಿಗೆ ಕಲ್ಲು ಹಾಕ್ದಂಗೆ. ಬಾವಿಯಾದ್ರೂ ಗುಳುಂ ಅಂತದೆ, ಇದು ಅದೂ ಇಲ್ಲ."

"ನನ್ನ ಹತ್ರ ಹೊಡೀತು ಅಪ್ಪಾಜಿ. ಸರಿಯಾಗಿ ಎರಡು ರಿಂಗು. ನಿಮ್ಗೆ ಕೇಳ್ಸಲ್ಲ ಅಷ್ಟೆ."

"ಹೊಡೀತಾ ಇದೆ ಅಂತ ನಾನು ಹೆಂಗೆ ನಂಬೋದು?"

"ನಾನು ಹೇಳ್ತಿದೀನಲ್ಲ."

"ನೀನು ಸಾಯಂಕಾಲ ಹೇಳ್ತೀಯ. ಮಧ್ಯಾಹ್ನ ಯಾರು ಹೇಳ್ತಾರೆ?"

ಅವ್ವ ನಕ್ಕಳು. ನಾನೂ ನಕ್ಕು, ಮನಸ್ಸಿನಲ್ಲೇ ಆರರವರೆಗೆ ಎಣಿಸಿ ಇಟ್ಟುಬಿಡಿ, ಅಷ್ಟರಲ್ಲಿ ಎರಡು ರಿಂಗು ಆಗಿರುತ್ತದೆ ಎಂದು ಹೇಳಿಕೊಟ್ಟೆ. ಅವರು ಹಾಗೇ ಮಾಡಿದರು. ಆದರೆ ದೂರು ಬರೆಯುವುದನ್ನು ಬಿಡಲಿಲ್ಲ.

ಪೆಟ್ಟಿಗೆ ಹಾಕಿ ಹೋಗಿದ್ದ ಎಂಜಿನಿಯರಿಗೆ ಫೋನ್ ಮಾಡಿ ಕೇಳಿದೆ. "ನಿಮ್ಮದು ಮಿಕ್ಸ್ ಆಗಿದೆ ಮೇಡಮ್, ಹಳೇದು ಹೊಸದು ಒಟ್ಟಿಗೆ. ಹೊಸ ಪೆಟ್ಟಿಗೆ ಎರಡರಲ್ಲೂ ಹಾಸ್ಟೆಲಿಂದು ಹಳೇದು ಅಂತ ಹೇಳ್ಬೇಕು. ಆಮೇಲೆ ರೀಸ್ಟಾರ್ಟ್ ಕೊಡಿ" ಅಂದ. ಕಂಪ್ಯೂಟರಿನಲ್ಲಿ ಒಂದು ಪುಟ ತೆರೆದರೆ ಜಾಲದಲ್ಲಿರುವ ಪೆಟ್ಟಿಗೆಗಳ ಪಟ್ಟಿ ಬರುತ್ತದೆ. ಹಾಸ್ಟೆಲಿನ ಸಾಲಿನಲ್ಲಿ ಹಳೆಯ ರೀತಿ ಎನ್ನುವುದನ್ನು ಆರಿಸಿ ಉಳಿಸಬೇಕು. ಆಮೇಲೆ ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಬೇಕು. ಹತ್ತು ನಿಮಿಷ ಆ ಕಡೆಯ ಫೋನುಗಳೆಲ್ಲ ಸತ್ತಿರುತ್ತವೆ. ಬೇಸಿಗೆ ರಜೆಯಾದ್ದರಿಂದ ಶಾಲೆಯದನ್ನು ಅದೇ ದಿನ ಮಾಡಿ ಮುಗಿಸಿದೆ. ಅಗ್ರಹಾರದ್ದಕ್ಕೆ ಮ್ಯಾನೇಜರನ್ನು ಕೇಳಬೇಕಿತ್ತು.

"ಅಡ್ಮಿಷನ್ ಟೈಮಲ್ಲಿ ಹತ್ತು ನಿಮಿಷ ಫೋನು ಬಂದ್ ಆದ್ರೆ ನನ್ನ ತಲೆ ತಿಂದ್ಬುಡ್ತಾರೆ ಕಣಮ್ಮ. ಅಡ್ಮಿಷನ್ ಮುಗೀಲಿ, ಭಾನುವಾರ ಬಂದು ಮಾಡು" ಅಂದರು ಅವರು.

"ಹಾಸ್ಟೆಲಿನಿಂದ ಮಾಡಿದ್ರೆ ರಿಂಗ್ ಕೇಳ್ಸಲ್ಲ ಸಾರ್."

"ರಜದಲ್ಲಿ ಹಾಸ್ಟೆಲಲ್ಲಿ ಯಾರಿದಾರೆ? ನಿಮ್ಮಪ್ಪ, ಅಡುಗೆಯಮ್ಮ. ನಿಮ್ಮಪ್ಪ ಫೋನಲ್ಲಿ ಮಾತೇ ಆಡಲ್ವಲ್ಲಮ್ಮ!"

ಅಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ನಡೆಯುತ್ತಿರುವ ಬೋರ್ಡನ್ನು ಕೇಳದೆ ನಿಲ್ಲಿಸಬಾರದು ಎನ್ನುವುದು ಅಪ್ಪಾಜಿಯೇ ಹೇಳಿಕೊಟ್ಟ ನಿಯಮ, ಆದ್ದರಿಂದ ಒತ್ತಾಯ ಮಾಡಲಿಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಬೇಕು. ಸಂಜೆ ಆರರ ಮೇಲೆ ಕಚೇರಿಯಲ್ಲಿ ಯಾರೂ ಇರುತ್ತಿರಲಿಲ್ಲ. ಆಗ ಕೇಳಿದ್ದರೆ ಮ್ಯಾನೇಜರ್ ಬೇಡ ಎನ್ನುತ್ತಿರಲಿಲ್ಲ. ಬುಧವಾರ ಸಂಜೆ ಕೇಳೋಣ ಎಂದುಕೊಂಡಿದ್ದೆ. ಅವತ್ತು ನಮ್ಮ ಬೀದಿಯಲ್ಲಿ ಒಂದು ಸೀಮಂತ, ಬೇಗ ಬಾ ಎಂದು ಅವ್ವ ಹೇಳಿದ್ದಳು. ಭಾನುವಾರ ಹೇಗೂ ಇದೆಯಲ್ಲ ಎಂದು ಹೊರಟುಬಿಟ್ಟೆ. ಆ ಸೀಮಂತದಲ್ಲಿ ಏನು ಊಟ ಮಾಡಿದೆ ಎನ್ನುವುದೂ ನನಗೆ ಈಗ ನೆನಪಿಲ್ಲ.

ಮರುದಿನ ಗುರುವಾರ. ಒಂದೂವರೆಗೆ ಫೋನು ಎರಡು ಸಲ ಹೊಡೆದು ನಿಂತಿತು. ನಾನು ಡಬ್ಬಿ ತೆರೆದು ಊಟಕ್ಕೆ ಕೂತೆ. ಎರಡು ತುತ್ತು ತಿನ್ನುವಷ್ಟರಲ್ಲಿ ಮತ್ತೆ ಹೊಡೆಯಿತು. ಎರಡು ರಿಂಗು ಆಯಿತು, ಮೂರನೆಯದು ಶುರುವಾಯಿತು. ಎಡಗೈ ಚಾಚುವಷ್ಟರಲ್ಲಿ ನಿಂತುಹೋಯಿತು.

"ಅಪ್ಪಾಜಿಗೆ ಎಣಿಕೆ ತಪ್ತು" ಎಂದು ಎದುರಿನ ಟೇಬಲ್ಲಿನ ಟೈಪಿಸ್ಟಿಗೆ ಹೇಳಿದೆ. "ಎರಡು ಸಲ ಊಟ ಮಾಡಿದ್ರೇನೋ ಕಣ್ರೀ" ಎಂದು ಅವರು ನಕ್ಕರು. ನಾನು ಡಬ್ಬಿ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಬಂದಾಗ ಅವರು, "ಇನ್ನೊಂದ್ಸಲ ಹೊಡೀತು. ನಾನೇನೂ ಎತ್ತಲಿಲ್ಲ, ನಿಮ್ದು ರಿಂಗಿನ ಕಥೆ ಅಲ್ವಾ" ಅಂದರು. ನಾನು ತಲೆಯಾಡಿಸಿ ಕೆಲಸಕ್ಕೆ ಕೂತೆ.

ಸ್ವಲ್ಪ ಹೊತ್ತಿಗೆ ಕಚೇರಿಯ ಹೊರಗಿನ ಲೈನಿಗೆ ಫೋನ್ ಬಂತು. ಹಾಸ್ಟೆಲಿನ ಪಕ್ಕದ ಮನೆಯವರು ಮಾಡಿದ್ದರು. ಅಪ್ಪಾಜಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದಾರೆ, ಬನ್ನಿ ಎಂದು.

ಮಜ್ಜಿಗೆ ಕೊಡಲು ಬಂದ ಅಡುಗೆಯಮ್ಮ ಅವರನ್ನು ನೋಡಿದ್ದು. ಬೆಂಚಿನ ಮೇಲೆ ಗೋಡೆಗೆ ಒರಗಿದ್ದರಂತೆ. ಆಯಮ್ಮ ಹತ್ತಾರು ವರ್ಷದಿಂದ ಆ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು, ನಂಜನಗೂಡಿನ ಕಡೆಯ ಹಳ್ಳಿಯವರು. ಅಪ್ಪಾಜಿ ಒರಗಿ ಕೂತದ್ದನ್ನು ಅವರು ಅದುವರೆಗೆ ನೋಡಿರಲಿಲ್ಲ. ಅದಕ್ಕೇ ಗಾಬರಿಯಾಯಿತು ಎಂದರು.

ಆಸ್ಪತ್ರೆಯಲ್ಲಿ ಸಂಜೆಯವರೆಗೂ ಇದ್ದರು. ಹಾರ್ಟ್ ಅಟ್ಯಾಕ್ ಎಂದರು ಡಾಕ್ಟರು, ಮೂಗಿಗೆ ಆಕ್ಸಿಜನ್ ಹಾಕಿದ್ದರು. ಒಂದೆರಡು ಸಲ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಮಾತು ಬರಲಿಲ್ಲ. ಅವ್ವ ಬಂದಳು. ಬಂದವಳೇ ನನ್ನ ಕೈ ಹಿಡಿದು, "ಮಧ್ಯಾಹ್ನ ಫೋನ್ ಮಾಡಿದ್ರಾ?" ಅಂದಳು.

"ಮಾಡಿದ್ರು ಅವ್ವ. ಊಟ ಆಯ್ತು ಅಂತ ರಿಂಗ್ ಕೊಟ್ರು."

ಅದೊಂದು ಮಾತಿಗೆ ಅವಳ ಮುಖ ಸ್ವಲ್ಪ ಸಡಿಲವಾಯಿತು. ಪಕ್ಕದಲ್ಲಿ ಅಡುಗೆಯಮ್ಮ ನಿಂತಿದ್ದರು. ಅವ್ವ ಒಳಗೆ ಹೋದ ಮೇಲೆ ನನ್ನನ್ನು ವರಾಂಡದ ತುದಿಗೆ ಕರೆದರು.

"ಉಣ್ಣಲೇ ಇಲ್ಲ ಕಣವ್ವ ಅಯ್ನೋರು. ಅಸಿವಿಲ್ಲ, ಆಮೇಲೆ ಉಂಡೇನು ಅಂದ್ರು. ತಟ್ಟೆ ಮುಚ್ಚಿಟ್ಟಂಗೇ ಅದೆ."

ಹಾಗಾದರೆ ಆ ರಿಂಗು ಏನು ಎಂದು ನನ್ನೊಳಗೆ ಒಂದು ಪ್ರಶ್ನೆ ಎದ್ದಿತು. ನಾನು ಚಿಂತೆ ಮಾಡದಿರಲಿ ಎಂದು ಊಟಕ್ಕೆ ಮುಂಚೆಯೇ ಕೊಟ್ಟಿರಬೇಕು ಎಂದು ನಾನೇ ಉತ್ತರ ಹೇಳಿಕೊಂಡೆ. ದೀಪ ಹಚ್ಚುವ ಹೊತ್ತಿಗೆ ಅಪ್ಪಾಜಿ ಹೋದರು.

ನಮ್ಮಲ್ಲಿ ಸತ್ತವರನ್ನು ಕೂರಿಸುತ್ತಾರೆ. ಮಲಗಿಸುವುದಿಲ್ಲ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಬೆನ್ನಿಗೆ ಆಸರೆ ಕೊಟ್ಟು ಕೂರಿಸಿದಾಗ ಅಪ್ಪಾಜಿ ಬೋರ್ಡಿನ ಮುಂದೆ ಕೂತ ಹಾಗೆಯೇ ಕಂಡರು. ಬಂದವರು ಕಾಲಿಗೆ ಬೀಳುತ್ತಿದ್ದರು, ಹೂವು ಹಾಕುತ್ತಿದ್ದರು. ನಾನು ಅವರ ಕಿವಿಯನ್ನೇ ನೋಡುತ್ತಿದ್ದೆ. ವರ್ಷಾನುಗಟ್ಟಲೆ ಹೆಡ್‌ಫೋನು ಒತ್ತಿ ಒತ್ತಿ ಎಡಗಿವಿಯ ಮೇಲಂಚು ಸ್ವಲ್ಪ ಮಡಚಿಕೊಂಡಿತ್ತು. ಅಷ್ಟು ವರ್ಷ ಪಕ್ಕದಲ್ಲಿ ಕೂತಿದ್ದರೂ ಅದನ್ನು ನಾನು ಗಮನಿಸಿರಲಿಲ್ಲ.

ಹನ್ನೊಂದನೆಯ ದಿನ ಅಡುಗೆಗೆ ಕೈ ಹಾಕಲು ಹಾಸ್ಟೆಲಿನ ಅಡುಗೆಯಮ್ಮನೂ ಬಂದರು. ಊಟವೆಲ್ಲ ಮುಗಿದು ಹೆಂಗಸರು ಹಿತ್ತಲಿನಲ್ಲಿ ಕೂತಿದ್ದಾಗ ಅವ್ವ ಅವರನ್ನು ಕೇಳಿದಳು.

"ಅವತ್ತು ಊಟ ಮಾಡಿದ್ರಂತಲ್ಲ, ಏನು ಮಾಡಿ ಹಾಕಿದ್ರಿ?"

ನಾನು ಕೈಯಲ್ಲಿದ್ದ ಪಾತ್ರೆಯನ್ನು ಹಾಗೇ ಹಿಡಿದು ನಿಂತೆ. ಅಡುಗೆಯಮ್ಮ ನನ್ನ ಕಡೆ ನೋಡಲಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡರು.

"ಸೊಪ್ಪಿನ ಸಾರು, ಮುದ್ದೆ ಕಣವ್ವ. ಸಾರು ಚೆಂದಾಗದೆ ಅಂತ ಇನ್ನೊಂದು ಸೌಟು ಆಕುಸ್ಕಂಡ್ರು."

"ಸೊಪ್ಪಿನ ಸಾರು ಅಂದ್ರೆ ಅವರಿಗೆ ಹಂಗೇ" ಅಂದಳು ಅವ್ವ. ಆಮೇಲೆ ಸಾಯುವವರೆಗೂ ಯಾರು ಬಂದರೂ ಅವಳು ಇದನ್ನು ಹೇಳುತ್ತಿದ್ದಳು. ಹೊಟ್ಟೆ ತುಂಬ ಊಟ ಮಾಡಿ, ಮಗಳಿಗೆ ರಿಂಗ್ ಕೊಟ್ಟು ಹೋದರು, ಕಷ್ಟಪಡಲಿಲ್ಲ ಎಂದು. ನಾನು ಪ್ರತಿ ಸಲವೂ ಹೂಂ ಅನ್ನುತ್ತಿದ್ದೆ.

ಅದಾದ ಮೊದಲ ಭಾನುವಾರ ಕಚೇರಿಗೆ ಹೋದೆ. ಅಡ್ಮಿಷನ್ ಮುಗಿದಿತ್ತು. ಕಂಪ್ಯೂಟರಿನಲ್ಲಿ ಆ ಪುಟ ತೆರೆದು, ಹಾಸ್ಟೆಲಿನ ಸಾಲಿನಲ್ಲಿ ಹಳೆಯ ರೀತಿ ಎಂದು ಆರಿಸಿ, ಉಳಿಸಿ, ಪೆಟ್ಟಿಗೆಯನ್ನು ಆಫ್ ಮಾಡಿ ಆನ್ ಮಾಡಿದೆ. ಹಸಿರು ದೀಪಗಳು ಹೋದವು. ಮತ್ತೆ ಒಂದೊಂದಾಗಿ ಬಂದವು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆಮೇಲೆ ಹಾಸ್ಟೆಲಿನ ಅಡುಗೆಮನೆಗೆ ಫೋನ್ ಮಾಡಿ, ಬಾಗಿಲ ಹತ್ತಿರದ ಫೋನಿನಿಂದ ನನ್ನ ನಂಬರು ಒತ್ತಿ, ರಿಂಗ್ ಕೇಳಿಸುತ್ತದಾ ಹೇಳಿ ಎಂದು ಅಡುಗೆಯಮ್ಮನಿಗೆ ಹೇಳಿ ಇಟ್ಟೆ.

ನನ್ನ ಫೋನು ಹೊಡೆಯಿತು. ಒಂದು. ಎರಡು. ನನ್ನ ಕೈ ಏಳಲಿಲ್ಲ. ಮೂರು. ನಾಲ್ಕನೆಯದಕ್ಕೆ ಎತ್ತಿದೆ.

"ಕೇಳ್ತು ಕಣವ್ವ, ಚೆಂದಾಗಿ ಕೇಳ್ತು! ಅಂಗೇ ಒಡ್ಕಂತಿತ್ತು. ನೀನ್ಯಾಕೆ ಇಷ್ಟೊತ್ತು ಎತ್ತಲಿಲ್ಲ?"

ನಾನು ರಿಸೀವರನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಅಯ್ನೋರ ಪುಸ್ತಕ ಇಲ್ಲೇ ಅದೆ. ಅವತ್ತು ತೊಡೆ ಮೇಲಿತ್ತು, ನಾನೇ ಎತ್ತಿಟ್ಟಿವ್ನಿ. ಬಂದು ತಕಂಡೋಗವ್ವ" ಅಂದರು.

ಬಸ್ಸು ಹಿಡಿದು ರಾಜೀವನಗರಕ್ಕೆ ಹೋದೆ. ಬಾಗಿಲ ಬಳಿಯ ಬೆಂಚಿನ ಮೇಲೆ, ಅವರು ಕೂರುತ್ತಿದ್ದ ಕಡೆಯೇ ಕೂತು ಪುಸ್ತಕ ತೆರೆದೆ. ಹೊಸ ಪೆಟ್ಟಿಗೆ ಬಂದ ದಿನದಿಂದ ದಿನಕ್ಕೊಂದು ಸಾಲು. ಹೊತ್ತು ಒಂದೂವರೆ. ಅಗ್ರಹಾರದ ನನ್ನ ನಂಬರು. ದೂರಿನ ಕಾಲಮ್ಮಿನಲ್ಲಿ 'ರಿಂಗ್ ಕೇಳಿಸಲಿಲ್ಲ'. ಎಲ್ಲ ಸಾಲುಗಳಲ್ಲೂ ಅದೇ ಎರಡು ಪದ, ಅದೇ ದುಂಡನೆಯ ಅಕ್ಷರ.

ಗುರುವಾರದ ಸಾಲಿನಲ್ಲಿ ಅಕ್ಷರ ಗೆರೆ ಬಿಟ್ಟು ಕೆಳಗೆ ಇಳಿದಿತ್ತು. 'ಮೂರು ಸಲ. ರಿಂಗ್ ಕೇಳಿಸಲಿಲ್ಲ. ಎತ್ತಲಿಲ್ಲ.'

ನಾನು ಹಿಂದಿನ ಸಾಲುಗಳನ್ನೆಲ್ಲ ಮತ್ತೆ ಓದಿದೆ. ಎತ್ತಲಿಲ್ಲ ಎಂದು ಬೇರೆ ಯಾವ ದಿನವೂ ಬರೆದಿರಲಿಲ್ಲ. ಬರೆಯುವ ಕಾರಣವೂ ಇರಲಿಲ್ಲ, ನಾನು ಎತ್ತಬಾರದು ಎಂದು ಅವರೇ ಹೇಳಿದ್ದರು. ಆ ದಿನ ಮಾತ್ರ ನಾನು ಎತ್ತಲಿ ಎಂದು ಅವರು ಕಾದಿದ್ದರು. ಆಫೀಸು ಲೈನಿನಲ್ಲಿ ಮನೆಯ ಮಾತು ಆಡಬೇಕೆಂದು ಅವರಿಗೆ ಅನಿಸಿತ್ತು. ಸದ್ದಿಲ್ಲದ ಫೋನನ್ನು ಕಿವಿಗೆ ಹಿಡಿದು, ಆ ಕಡೆ ಹೊಡೆಯುತ್ತಿದೆಯೋ ಇಲ್ಲವೋ ತಿಳಿಯದೆ, ಇಟ್ಟು, ಮತ್ತೆ ಮಾಡಿ, ಮತ್ತೆ ಇಟ್ಟು, ಮೂರನೆಯ ಸಲವೂ ಆಗದಾಗ ತಮಗೆ ಗೊತ್ತಿದ್ದ ಕೆಲಸ ಮಾಡಿದ್ದರು. ದೂರು ಬರೆದಿದ್ದರು. ಎದೆ ನೋವು ಎಂದು ಅದರಲ್ಲಿ ಇಲ್ಲ. ಅದು ಫೋನಿನ ದೂರಿನ ಪುಸ್ತಕ.

ಆ ಸಂಜೆ ನಾನು ಅವರ ಹಾಸಿಗೆಯ ಪಕ್ಕದಲ್ಲೇ ಇದ್ದೆ. ಎರಡು ಸಲ ಕಣ್ಣು ಬಿಟ್ಟು ನನ್ನನ್ನು ನೋಡಿದ್ದರು. ಹೊಡೀತಿತ್ತು ಅಪ್ಪಾಜಿ, ಮೂರು ಸಲವೂ ಹೊಡೀತಿತ್ತು, ನಾನೇ ಎತ್ತಲಿಲ್ಲ ಎಂದು ಹೇಳಬಹುದಿತ್ತು. ದಿನಾ ಸಂಜೆ ಹೇಳುತ್ತಿದ್ದವಳು ಅವತ್ತು ಸಂಜೆ ಹೇಳಲಿಲ್ಲ. ಹೇಳಬೇಕಾದ್ದು ಒಂದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಅಡುಗೆಯಮ್ಮ ಒಂದು ಲೋಟ ಕಾಫಿ ತಂದು ಪಕ್ಕದಲ್ಲಿಟ್ಟರು. ನಾನು ಪೆನ್ನು ತೆಗೆದು ಮೊದಲ ಸಾಲಿನಿಂದ ಶುರುಮಾಡಿ, ರಿಪೇರಿಯ ಕಾಲಮ್ಮಿನಲ್ಲಿ ಒಂದೊಂದೇ ಸಹಿ ಹಾಕಿದೆ.

"ಅದೇನವ್ವ ಬರೀತಿರೋದು?"

"ರಿಪೇರಿ ಆಯ್ತು ಅಂತ."

"ಕೇಳ್ದೋಳು ನಾನು. ರೈಟು ನಾನು ಆಕ್ಬೇಕು. ಅಡ್ಗೆಮನೆ ಫೋನಿಂದು ನನ್ನ ಕೈಲೇ ಆಕುಸ್ತಿದ್ರು ಅಯ್ನೋರು" ಎಂದು ಅವರು ಕೈ ಚಾಚಿದರು.

ಪೆನ್ನು ಕೊಟ್ಟೆ. ಬೆಂಚಿನ ಮುಂದೆ ನೆಲದ ಮೇಲೆ ಕೂತು, ಪುಸ್ತಕವನ್ನು ಬೆಂಚಿನ ಮೇಲಿಟ್ಟುಕೊಂಡು, ನಾಲಿಗೆ ಕಚ್ಚಿಕೊಂಡು ಒಂದೊಂದು ಸಾಲಿಗೂ ಸೊಟ್ಟಗೆ ಒಂದೊಂದು ಗುರುತು ಹಾಕಿದರು. ಅವರಿಗೆ ಓದಲು ಬರುತ್ತಿರಲಿಲ್ಲ. ಕೊನೆಯ ಸಾಲಿಗೆ ಬಂದಾಗ ನಾನು ಅದರ ಮೇಲೆ ಕೈ ಇಟ್ಟೆ.

"ಇದಕ್ಕೆ ಬೇಡ್ವಾ?"

"ಇದಕ್ಕೆ ಬೇಡ."

"ಯಾಕವ್ವ, ಸರಿ ಓಗಿಲ್ವಾ?"

ಆ ಸಾಲಿನಲ್ಲಿ ಎರಡು ದೂರು ಇದ್ದವು. ಒಂದನ್ನು ನಾನು ಬೆಳಿಗ್ಗೆ ಸರಿಮಾಡಿ ಬಂದಿದ್ದೆ. ಹೂಂ, ಸರಿ ಹೋಗಿಲ್ಲ ಎಂದು ಹೇಳಿ, ಅವರ ಕೈಯಿಂದ ಪೆನ್ನು ತೆಗೆದುಕೊಂಡು ಪುಸ್ತಕ ಮುಚ್ಚಿದೆ.